ಅನಾಮತ್ತು ಖಾತೆ

ಬಿ.ಕಾಂ. ಓದುವವರಿಗೆ ಬಾಗಿಲುಗಳ ವಿಷಯವನ್ನು ಯಾರೂ ಹೇಳಿಕೊಡುವುದಿಲ್ಲ. ನಮಗೂ ಹೇಳಿಕೊಟ್ಟಿರಲಿಲ್ಲ. ಮೂರು ವರ್ಷ ಜರ್ನಲ್ ಎಂದರು, ಖಾತೆ ಎಂದರು, ತಾಳೆಪಟ್ಟಿ, ಸವಕಳಿ, ಅಢಾವೆ ಪತ್ರಿಕೆ ಎಂದರು. ಸಂಜೆಯ ಲೆಕ್ಕ ತಾಳೆಯಾಗುವವರೆಗೆ ಊರಿನ ಒಂದು ಬಾಗಿಲೂ ಮುಚ್ಚುವುದಿಲ್ಲ ಎಂದು ಮಾತ್ರ ಯಾವ ಮೇಷ್ಟರೂ ಹೇಳಲಿಲ್ಲ. ನಾನು ಆ ಊರಿಗೆ ಹೋಗಿ ಇಳಿದ ಮೊದಲ ಸಂಜೆಯೇ ಅದನ್ನು ಕಣ್ಣಾರೆ ನೋಡಿದೆ. ಬೀದಿಯ ಉದ್ದಕ್ಕೂ ಮನೆಗಳ ಬಾಗಿಲು ಹಾರುಹೊಡೆದಿದ್ದವು. ಒಬ್ಬ ಹೆಂಗಸು ತನ್ನ ಬಾಗಿಲನ್ನು ಭುಜ ಕೊಟ್ಟು ತಳ್ಳಿದಳು. ಅದು ಚೌಕಟ್ಟಿನವರೆಗೆ ಹೋಗಿ ಮೆಲ್ಲಗೆ ಹಿಂದಕ್ಕೆ ಬಂತು. ಅವಳು ಬೈಯಲಿಲ್ಲ, ಬೆರಗಾಗಲೂ ಇಲ್ಲ. ಒಳಗಿನಿಂದ ಹಳೆಯ ಸೀರೆಯೊಂದನ್ನು ತಂದು ಬಾಗಿಲಿಗೆ ಅಡ್ಡ ಕಟ್ಟಿ, ಅದರ ಹಿಂದೆ ಕೂತು ಸೊಪ್ಪು ಬಿಡಿಸತೊಡಗಿದಳು. ಎದುರು ಮನೆಯ ನಾಯಿ ಸೀರೆಯ ಕೆಳಗೆ ನುಸುಳಿ ಒಳಗೆ ಹೋಯಿತು. ಹಿಂದೆ ಲೆಕ್ಕ ಬರೆಯುತ್ತಿದ್ದವರು ಊರು ಬಿಟ್ಟು ಹೋಗಿ ಬಹಳ ದಿನವಾಗಿತ್ತಂತೆ. ಅಷ್ಟೂ ದಿನ ಊರು ಹಾಗೇ ಬಾಯಿ ತೆರೆದುಕೊಂಡು ಮಲಗಿ ಎದ್ದಿತ್ತು.

ಆ ಊರಿನ ಹೆಸರು ಹೇಳಿ ಪ್ರಯೋಜನವಿಲ್ಲ. ಬಸ್ಸಿನ ಬೋರ್ಡಿನಲ್ಲೂ ಅದು ಇರುವುದಿಲ್ಲ. ನಮ್ಮ ಕಾಲೇಜಿನ ನೋಟೀಸ್ ಬೋರ್ಡಿನ ಮೂಲೆಯಲ್ಲಿ, ಲೆಕ್ಕ ಬರೆಯುವವರು ಬೇಕಾಗಿದ್ದಾರೆ, ವಸತಿ ಉಂಟು ಎಂದು ಒಂದು ಚೀಟಿ ಅಂಟಿಸಿದ್ದರು. ವಸತಿ ಉಂಟು ಎಂಬುದನ್ನು ನೋಡಿಯೇ ನಾನು ಅರ್ಜಿ ಹಾಕಿದ್ದು. ಅಪ್ಪ ಅಮ್ಮ ಇಬ್ಬರನ್ನೂ ಚಿಕ್ಕಂದಿನಲ್ಲೇ ಕಳೆದುಕೊಂಡ ನಾನು ಚಿಕ್ಕಪ್ಪನ ಮನೆಯಲ್ಲಿ ಬೆಳೆದವಳು. ಚಿಕ್ಕಮ್ಮ ಕೆಟ್ಟವಳಲ್ಲ. ಆದರೆ ಬಡಿಸುವಾಗ ಒಮ್ಮೆ ಸೌಟನ್ನು ನೋಡಿ, ಒಮ್ಮೆ ನನ್ನನ್ನು ನೋಡುತ್ತಿದ್ದಳು. ಡಿಗ್ರಿ ಮುಗಿದು ಹಾಸ್ಟೆಲ್ ಖಾಲಿ ಮಾಡುವ ದಿನ ಹತ್ತಿರ ಬಂದಾಗ, ಆ ಸೌಟಿನ ಮುಂದೆ ಮತ್ತೆ ತಟ್ಟೆ ಹಿಡಿಯುವುದಕ್ಕಿಂತ ಎಲ್ಲಿಗಾದರೂ ಸರಿ ಎನ್ನಿಸಿತ್ತು.

ಊರಿನ ಯಜಮಾನರಾದ ಚೌಡಪ್ಪನವರು ನನ್ನನ್ನು ಚಾವಡಿಯ ಜಗಲಿಯ ಮೇಲೆ ಕೂರಿಸಿ ಸಂದರ್ಶನ ಮಾಡಿದರು. ಕಾಲೇಜಿನಲ್ಲಿ ಏನೇನು ಕಲಿಸಿದ್ದಾರೆ ಎಂದು ಕೇಳಿದರು. ಪರೀಕ್ಷೆಗೆಂದು ಉರು ಹೊಡೆದಿದ್ದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದೆ. ಅವರು ಎಲೆ ಅಡಿಕೆ ಜಗಿಯುತ್ತ ತಾಳ್ಮೆಯಿಂದ ಕೇಳಿಸಿಕೊಂಡು, ಅದೆಲ್ಲ ಇರಲಿ, ಕೊಟ್ಟವರು ಯಾರು, ತಗೊಂಡವರು ಯಾರು ಅಂತ ಹೇಳುವುದಕ್ಕೆ ಬರುತ್ತದೆಯೇ ಎಂದರು. ಅದು ನಮಗೆ ಮೊದಲನೇ ಪಾಠ, ಪಡೆದವರ ಖಾತೆಗೆ ಖರ್ಚು, ಕೊಟ್ಟವರ ಖಾತೆಗೆ ಜಮೆ ಎಂದೆ. ಅವರ ಮುಖ ಅರಳಿತು. ಅಷ್ಟು ಬಂದರೆ ಸಾಕು, ಮಿಕ್ಕಿದ್ದನ್ನು ಊರೇ ಕಲಿಸುತ್ತದೆ ಎಂದು ಚಾವಡಿಯ ಪಕ್ಕದ ಮನೆಯ ಬೀಗದ ಕೈ ಕೊಟ್ಟರು. ಮುಚ್ಚದ ಬಾಗಿಲಿಗೆ ಬೀಗ ಯಾಕೆ ಎಂದು ಕೇಳುವ ಧೈರ್ಯ ನನಗೆ ಇನ್ನೂ ಬಂದಿರಲಿಲ್ಲ.

ಅಲ್ಲಿ ಬರೆಯಬೇಕಾಗಿದ್ದದ್ದು ದುಡ್ಡಿನ ಲೆಕ್ಕವಲ್ಲ. ದುಡ್ಡನ್ನು ಅವರವರ ಜೇಬಿಗೆ ಬಿಟ್ಟಿದ್ದರು. ಒಬ್ಬರು ಇನ್ನೊಬ್ಬರಿಗೆ ಮಾಡಿದ್ದನ್ನು ಬರೆಯಬೇಕಾಗಿತ್ತು. ಬಾವಿಗೆ ಬಿದ್ದ ಕೊಡ ತೆಗೆದುಕೊಟ್ಟದ್ದು, ಹೆಪ್ಪಿಗೆ ಮಜ್ಜಿಗೆ ಕೊಟ್ಟದ್ದು, ಬಾಣಂತಿಗೆ ನೀರು ಹುಯ್ದದ್ದು, ಅಳುವವರ ಪಕ್ಕದಲ್ಲಿ ಸುಮ್ಮನೆ ಕೂತದ್ದು. ಇದಕ್ಕೆಲ್ಲ ಅಳತೆ ಹೊರೆ. ಒಂದು ಹೊರೆ, ಅರ್ಧ ಹೊರೆ, ಕಾಲು ಹೊರೆ. ಇಳಿಹೊತ್ತಿಗೆ ಜನ ಚಾವಡಿಗೆ ಬಂದು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಕೊಟ್ಟವರೂ ಪಡೆದವರೂ ಇಬ್ಬರೂ ಬಾಯಿಬಿಟ್ಟು ಒಪ್ಪಿದರೆ ಮಾತ್ರ ಅದು ಪುಸ್ತಕಕ್ಕೆ ಏರುತ್ತಿತ್ತು. ಬರೆಸದೆ ಬಚ್ಚಿಟ್ಟುಕೊಂಡರೆ ಬಾಗಿಲುಗಳಿಗೆ ಹೇಗೋ ಗೊತ್ತಾಗುತ್ತಿತ್ತು. ಎರಡು ಕಡೆಯ ಮೊತ್ತ ಸರಿಹೋದ ಕೂಡಲೇ ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಚಿಲಕ ಹಾಕಿಕೊಳ್ಳುವ ಸದ್ದು. ಅದು ಕೇಳಿದರೆ ನನ್ನ ಆ ದಿನದ ಕೆಲಸ ಮುಗಿದ ಹಾಗೆ.

ನಮ್ಮ ಪಠ್ಯಪುಸ್ತಕದ ಲೆಕ್ಕಗಳಲ್ಲಿ ರಾಮ ಮತ್ತು ಗೋಪಾಲ ಎಂಬ ಇಬ್ಬರು ಪಾಲುದಾರರಿದ್ದರು. ಅವರಿಗೆ ಮುಖವೂ ಇರಲಿಲ್ಲ, ಮೂಗಿನ ತುದಿಯ ಕೋಪವೂ ಇರಲಿಲ್ಲ. ಕೊಟ್ಟದ್ದನ್ನು ಕೊಟ್ಟೆ ಎನ್ನುತ್ತಿದ್ದರು, ಪಡೆದದ್ದನ್ನು ಪಡೆದೆ ಎನ್ನುತ್ತಿದ್ದರು, ತಲೆ ಕೆಟ್ಟರೆ ಉತ್ತರ ಪುಸ್ತಕದ ಹಿಂದುಗಡೆ ಇರುತ್ತಿತ್ತು. ಇಲ್ಲಿ ಕೊಟ್ಟವರು ಸಂಕೋಚಪಟ್ಟು ಕಾಲು ಹೊರೆ ಎನ್ನುವರು, ಪಡೆದವರು ಹಟ ಹಿಡಿದು ಒಂದು ಹೊರೆ ಬರಿ ಎನ್ನುವರು. ಕೆಲವು ದಿನ ಅದು ತಿರುವುಮುರುವು. ಅತ್ತೆ ಸೊಸೆಯರ ವ್ಯವಹಾರ ಬರೆಯಲು ಕೂತೆನೆಂದರೆ ಬೀದಿನಾಯಿಗಳು ಎಲ್ಲರ ಅಡುಗೆಮನೆಯನ್ನೂ ಒಂದು ಸುತ್ತು ನೋಡಿಕೊಂಡು ಬರುವಷ್ಟು ಹೊತ್ತಾಗುತ್ತಿತ್ತು. ಕಾಲೇಜು ನನಗೆ ಗೆರೆ ಎಳೆಯುವುದನ್ನು ಚೆನ್ನಾಗಿ ಕಲಿಸಿತ್ತು. ಗೆರೆಯ ಆಚೆ ಈಚೆ ನಿಂತವರನ್ನು ನೋಡುವುದನ್ನು ಕಲಿಸಿರಲಿಲ್ಲ.

ಹೊಸತರಲ್ಲಿ ಒಂದು ಎಡವಟ್ಟು ಮಾಡಿದೆ. ಕುಲುಮೆಯ ಪೀರಸಾಬರು, ಎಣ್ಣೆ ಗಾಣದ ಮರಿಗೌಡರು ಇಬ್ಬರೂ ವಯಸ್ಸಾದವರು, ಗೆಳೆಯರು. ಒಂದು ಸಂಜೆ ಅವರಿಬ್ಬರ ನಡುವಿನ ಲೆಕ್ಕ ಕೂಡಿಸಿ ನೋಡಿದೆ, ಸರಿಸಮವಾಗಿತ್ತು. ಬಾಕಿ ಉಳಿಯದ ಖಾತೆಯೇ ಚೊಕ್ಕ ಖಾತೆ ಎಂದು ಕಲಿತು ಬಂದಿದ್ದವಳು, ಎರಡು ಗೆರೆ ಎಳೆದು, ಇನ್ನು ನಿಮ್ಮಿಬ್ಬರ ನಡುವೆ ಏನೂ ಇಲ್ಲ ಎಂದು ಹೆಮ್ಮೆಯಿಂದ ಓದಿ ಹೇಳಿದೆ. ಸಾವಿನ ಸುದ್ದಿ ತಂದವಳನ್ನು ನೋಡುವ ಹಾಗೆ ಇಬ್ಬರೂ ನನ್ನನ್ನು ನೋಡಿದರು. ಮಾರನೆಯ ಬೆಳಗ್ಗೆ ಪೀರಸಾಬರು ಬೇಕೂ ಇಲ್ಲದ ಒಂದು ಹಿಡಿ ಹುಣಸೆಹಣ್ಣು ಕೇಳಿಕೊಂಡು ಮರಿಗೌಡರ ಮನೆಗೆ ಹೋದರು. ಆಮೇಲೆ ಗಮನಿಸಿದರೆ, ಆ ಊರಿನಲ್ಲಿ ಯಾರೂ ಯಾರ ಲೆಕ್ಕವನ್ನೂ ಪೂರ್ತಿ ತೀರಿಸುತ್ತಿರಲಿಲ್ಲ. ಕಾಲು ಹೊರೆಯನ್ನಾದರೂ ಉಳಿಸಿಕೊಂಡೇ ಬಾಳುತ್ತಿದ್ದರು.

ಪುಸ್ತಕದಲ್ಲಿ ಊರಿನ ಪ್ರತಿಯೊಬ್ಬರಿಗೂ ಒಂದು ಪುಟವಿತ್ತು, ತೊಟ್ಟಿಲ ಕೂಸಿಗೂ ಇತ್ತು. ಲೆಕ್ಕ ಬರೆಯುವವರಿಗೆ ಮಾತ್ರ ಇರಲಿಲ್ಲ. ಬರೆಯುವ ಕೈ ಯಾರ ಕಡೆಗೂ ವಾಲಬಾರದು ಎಂಬುದು ಅವರ ಕಟ್ಟಳೆ. ನಮ್ಮ ಪಾಠದಲ್ಲೂ ಅದೇ ಇತ್ತು, ಲೆಕ್ಕಪರಿಶೋಧಕರ ಸ್ವಾತಂತ್ರ್ಯದ ಮಹತ್ವವನ್ನು ವಿವರಿಸಿ ಎಂಬ ದೊಡ್ಡ ಪ್ರಶ್ನೆ. ನಾನು ಅದಕ್ಕೆ ಪುಟಗಟ್ಟಲೆ ಬರೆದು ಶೇಷಗಿರಿ ಸರ್ ಅವರಿಂದ ಶಹಬ್ಬಾಸ್ ಅನ್ನಿಸಿಕೊಂಡಿದ್ದೆ. ಅದು ಹೊಟ್ಟೆಯಲ್ಲಿ ಹೇಗಿರುತ್ತದೆ ಎಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಪುಟವಿಲ್ಲದವಳಿಗೆ ಯಾರು ಏನು ಕೊಟ್ಟರೂ ಬರೆಯುವುದಕ್ಕೆ ಒಂದೇ ಕಡೆ ಜಾಗ, ಲೆಕ್ಕ ಕೂಡುವುದಿಲ್ಲ. ಹಾಗಾಗಿ ಯಾರೂ ಕೊಡುತ್ತಿರಲಿಲ್ಲ, ನನ್ನಿಂದ ತೆಗೆದುಕೊಳ್ಳುತ್ತಲೂ ಇರಲಿಲ್ಲ. ಸಂಬಳದ ಅಕ್ಕಿ ಬೇಳೆ ತಿಂಗಳಿಗೊಮ್ಮೆ ಜಗಲಿಗೆ ಬಂದು ಬೀಳುತ್ತಿತ್ತು.

ಒಂದು ದಿನ ಕೆಸರಿನಲ್ಲಿ ಜಾರಿ ಬೀದಿ ಮಧ್ಯೆ ಬಿದ್ದೆ. ಸುತ್ತ ನಾಲ್ಕಾರು ಜನರಿದ್ದರು. ಯಾರೂ ನಗಲಿಲ್ಲ, ಯಾರೂ ಕೈ ಚಾಚಲೂ ಇಲ್ಲ. ನಾನು ಎದ್ದು ನಿಲ್ಲುವವರೆಗೆ ಮರುಕದಿಂದ ನೋಡುತ್ತ ಕಾದು, ಆಮೇಲೆ ತಮ್ಮ ತಮ್ಮ ದಾರಿ ಹಿಡಿದರು. ತರಕಾರಿಯವನು ಅಲ್ಲಿ ಎಲ್ಲರಿಗೂ ಅಣ್ಣ, ಬಸ್ಸಿನ ಕಂಡಕ್ಟರು ಮಾವ, ಭಿಕ್ಷೆಗೆ ಬರುವವಳು ಕೂಡ ಅಕ್ಕ. ನಾನು ಮಾತ್ರ ಲೆಕ್ಕದೋರು. ದಿನವಿಡೀ ಊರಿನ ಅಕ್ಕರೆಯನ್ನೆಲ್ಲ ನನ್ನ ಕೈಯಾರೆ ಬರೆದು, ಕೂಡಿಸಿ, ಗೆರೆ ಎಳೆದು, ನನ್ನ ಪಾಲಿಗೆ ಒಂದು ಚೂರೂ ಇಲ್ಲದೆ ಮನೆಗೆ ಹೋಗುತ್ತಿದ್ದೆ. ನೀರಿನ ಹಂಡೆಯ ಜೊತೆ ಮಾತಾಡುವುದನ್ನು ಅಲ್ಲೇ ಕಲಿತದ್ದು. ಹಂಡೆ ಚೆನ್ನಾಗಿಯೇ ಕೇಳಿಸಿಕೊಳ್ಳುತ್ತಿತ್ತು.

ಪಕ್ಕದ ಮನೆಯಲ್ಲಿ ಸಣ್ಣತಾಯಮ್ಮ ಅಂತ ಇದ್ದರು. ಒಂಟಿ ಹೆಂಗಸು, ಪುರಿ ಭಟ್ಟಿ ನಡೆಸುತ್ತಿದ್ದರು. ಕಾದ ಮರಳಿಗೆ ಅಕ್ಕಿ ಸುರಿದು ಸರಸರ ತಿರುವಿದರೆ ಅದು ಅರಳುವ ಸದ್ದು ನಮ್ಮ ಮನೆಯ ಗೋಡೆಗೆ ಕೇಳುತ್ತಿತ್ತು. ಬಾಯಿ ಬಹಳ ಜೋರು. ಪುರಿ ಅಳೆಯುವಾಗ ಬೆರಳು ಒಳಗಿಟ್ಟು ಮೋಸ ಮಾಡುತ್ತಾರೆ ಎಂದು ಯಾರೋ ಅಂದದ್ದಕ್ಕೆ ಅವರ ಮೂರು ತಲೆಮಾರನ್ನು ಬೀದಿಗೆ ಎಳೆದು ನಿಲ್ಲಿಸಿದ್ದರು. ಚಾವಡಿಗೆ ಬಂದರೆ ನನ್ನನ್ನೂ ಬಿಡುತ್ತಿರಲಿಲ್ಲ. ಬರೆದದ್ದನ್ನು ಓದಿ ಹೇಳು ಎನ್ನುತ್ತಿದ್ದರು, ಓದಿದರೆ, ಕಾಲೇಜು ಕಲಿತೋರ ದನಿ ಯಾಕಿಷ್ಟು ಸಣ್ಣಕೈತೆ ಎಂದು ಗೊಣಗುತ್ತಿದ್ದರು.

ಆ ವರ್ಷದ ಮಳೆಗಾಲದಲ್ಲಿ ನನಗೆ ಜ್ವರ ಬಂತು. ಚಾಪೆಯಿಂದ ಏಳಲಾಗಲಿಲ್ಲ. ಲೆಕ್ಕ ಬರೆಯುವವರಿಲ್ಲದೆ ಊರಿನ ಬಾಗಿಲುಗಳೆಲ್ಲ ತೆರೆದುಕೊಂಡವು. ಮಳೆಯ ಎರಚಲು ನಡುಮನೆಗೆ ಬಂತು, ಯಾರದೋ ಕರು ಚೌಡಪ್ಪನವರ ದೇವರ ಕೋಣೆಗೆ ಹೋಗಿ ನಿಂತಿತ್ತಂತೆ. ಜನ ನನ್ನ ಹೊಸ್ತಿಲ ಆಚೆ ನಿಂತು, ಲೆಕ್ಕದೋರೇ ಹುಷಾರಾಯ್ತಾ ಎಂದು ಕೂಗಿ ಹೋಗುತ್ತಿದ್ದರು. ಒಳಗೆ ಯಾರೂ ಕಾಲಿಡಲಿಲ್ಲ. ಯಜಮಾನರು ಸಂಬಳದ ಬಾಬಿನಲ್ಲಿ ಮಾತ್ರೆ ತರಿಸಿ ಹೊಸ್ತಿಲ ಮೇಲೆ ಇಡಿಸಿದ್ದರು. ಹೊಸ್ತಿಲವರೆಗೆ ತೆವಳುವ ಶಕ್ತಿ ನನಗಿರಲಿಲ್ಲ. ನಾನು ಎದ್ದರೆ ತಾನೆ ಊರಿನ ಬಾಗಿಲು ಮುಚ್ಚುವುದು, ಯಾರಾದರೂ ಕೈ ಹಿಡಿದರೆ ತಾನೆ ನಾನು ಏಳುವುದು. ಅದು ಎಲ್ಲರಿಗೂ ಗೊತ್ತಿತ್ತು, ಯಾರ ಕೈಯಲ್ಲೂ ಏನೂ ಇರಲಿಲ್ಲ.

ಸಣ್ಣತಾಯಮ್ಮ ಬಂದದ್ದು ಹಗಲು ಹೊತ್ತಿನಲ್ಲೇ, ಎಲ್ಲರೂ ನೋಡುತ್ತಿರುವಾಗಲೇ. ತೆರೆದ ಬಾಗಿಲಿನಿಂದ ನೇರ ಒಳಗೆ ಬಂದು, ಮಾತ್ರೆ ನುಂಗಿಸಿ, ಒದ್ದೆ ಬಟ್ಟೆ ಹಣೆಗೆ ಹಾಕಿ, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗಂಜಿ ಕುಡಿಸಿದರು. ಅವರ ಸೀರೆಯಲ್ಲಿ ಹುರಿದ ಮರಳಿನ ವಾಸನೆ ಇತ್ತು. ನಾನು ಬೇಡ ಬೇಡ ಎಂದು ಏನೇನೋ ಅಂದೆನಂತೆ. ಎರಡನೆಯ ದಿನವೂ ಬಂದರು. ಜ್ವರ ಬಿಟ್ಟು ನಾನು ಎದ್ದು ಕೂತಾಗ ಪಾತ್ರೆ ತೊಳೆದು ಬೋರಲು ಹಾಕಿ, ಸೆರಗಿಗೆ ಕೈ ಒರೆಸಿಕೊಂಡರು.

"ಒಂದು ಹೊರೆ ಬರ್ಕೋ. ನನಗೆ ಜಮಾ," ಅಂದರು. "ಯಾರಿಗೆ ಖರ್ಚು ಅಂತ ನೀನೇ ನೋಡ್ಕೋ. ಓದಿದೋಳು ನೀನು."

ಚಾವಡಿಗೆ ಹೋಗಿ ಕೂತು ಬಾಕಿ ಬಿದ್ದದ್ದನ್ನೆಲ್ಲ ಬರೆದೆ. ಸಣ್ಣತಾಯಮ್ಮನ ಆ ಒಂದು ಹೊರೆಗೆ ಬಂದು ನಿಂತೆ. ಕೊಟ್ಟವರಿದ್ದರು, ಪಡೆದವಳಿಗೆ ಪುಟವಿಲ್ಲ. ಬೀದಿಯಲ್ಲಿ ಜನ ತಮ್ಮ ತಮ್ಮ ಬಾಗಿಲ ಹತ್ತಿರ ನಿಂತು ನನ್ನ ಕಡೆಗೇ ನೋಡುತ್ತಿದ್ದರು. ಆಗ ಶೇಷಗಿರಿ ಸರ್ ನೆನಪಾದರು. ತಾಳೆ ಬಾರದಿದ್ದಾಗ ಕೈಚೆಲ್ಲಿ ಕೂರಬೇಡಿ, ವ್ಯತ್ಯಾಸ ಎಲ್ಲಿಯದು ಎಂದು ತಿಳಿಯುವವರೆಗೆ ಒಂದು ಅನಾಮತ್ತು ಖಾತೆ ತೆರೆದು ಅದರಲ್ಲಿ ಇಟ್ಟುಬಿಡಿ ಎನ್ನುತ್ತಿದ್ದರು. ಯಾರ ಹೆಸರೂ ಬೇಡದ ಖಾತೆ ಅದು. ನಾನು ಹೊಸ ಪುಟ ತಿರುವಿ, ಮೇಲೆ ಅನಾಮತ್ತು ಎಂದು ಬರೆದು, ಒಂದು ಹೊರೆ ಖರ್ಚು ಹಾಕಿದೆ. ಎರಡು ಕಡೆಯೂ ಸರಿಹೋಯಿತು. ಬೀದಿಯ ತುದಿಯಿಂದ ಚಿಲಕಗಳ ಸದ್ದು ಒಂದೊಂದಾಗಿ ಹತ್ತಿರ ಬಂತು. ಚೌಡಪ್ಪನವರು ಆ ಪುಟದ ಮೇಲೆ ಬೆರಳಿಟ್ಟು ಇದೇನು ಎಂದರು. ಕಾಲೇಜಿನಲ್ಲಿ ಹೀಗೇ ಹೇಳಿಕೊಟ್ಟಿದ್ದಾರೆ ಎಂದೆ. ಕಾಲೇಜಿನವರೇ ಹೇಳಿದ ಮೇಲೆ ಸರಿಯಿರಬೇಕು ಎಂದು ಅವರು ತಲೆ ಆಡಿಸಿ ಮನೆಗೆ ಹೋದರು. ನಾನು ಮನೆಗೆ ಹೋಗಿ, ಬಾಗಿಲು ಹಾಕಿಕೊಂಡು, ಬಿಕ್ಕಿ ಬಿಕ್ಕಿ ಅತ್ತೆ. ಅದು ದುಃಖವಾಗಿರಲಿಲ್ಲ.

ಅಲ್ಲಿಂದ ಮುಂದೆ ಅನಾಮತ್ತು ಪುಟ ತುಂಬತೊಡಗಿತು. ಸಣ್ಣತಾಯಮ್ಮ ಒಂದು ದಿನ ನನ್ನ ತಲೆಗೆ ಎಣ್ಣೆ ಹಚ್ಚಿ ಜಡೆ ಹೆಣೆದರು, ಕಾಲು ಹೊರೆ. ಉಪ್ಪಿನಕಾಯಿ ತಂದಿಟ್ಟರು, ಕಾಲು ಹೊರೆ. ಸುಮ್ಮನೆ ಬಂದು ಹೊಸ್ತಿಲ ಮೇಲೆ ಕೂತು, ಊರವರನ್ನೆಲ್ಲ ಒಂದು ಸುತ್ತು ಬೈದು ಎದ್ದು ಹೋದರೆ ಅದೂ ಕಾಲು ಹೊರೆ. ಬೈದದ್ದಕ್ಕೂ ಬರೆಯಬೇಕಾ ಎಂದು ಕೇಳಿದರೆ, ಮತ್ತೆ ನನ್ನ ಹೊತ್ತು ಹೋಗಿಲ್ವಾ ಎನ್ನುತ್ತಿದ್ದರು. ನನಗೆ ಯಾರೋ ಒಬ್ಬರಿದ್ದಾರೆ ಎಂಬ ಸಮಾಧಾನ ಬಂತು. ಅದರ ಬೆನ್ನಿಗೇ ಒಂದು ಸಂಕಟವೂ ಬಂತು, ಎಲ್ಲ ಒಂದೇ ಕಡೆಯಿಂದ ಬರುತ್ತಿತ್ತು, ನನ್ನ ಕೈಯಿಂದ ಏನೂ ಹೋಗುತ್ತಿರಲಿಲ್ಲ. ಚಿಕ್ಕಮ್ಮನ ಮನೆಯಲ್ಲಿ ಉಂಡ ಅನ್ನದ ಹಾಗೇ ಇದೂ ಗಂಟಲಲ್ಲಿ ನಿಲ್ಲತೊಡಗಿತು.

ಚಳಿಗಾಲಕ್ಕೆ ಸಣ್ಣತಾಯಮ್ಮನಿಗೆ ಮಣಿಕಟ್ಟು ನೋವು ಶುರುವಾಯಿತು. ಬಾಣಲೆ ತಿರುವುವಾಗ ತುಟಿ ಕಚ್ಚುವುದನ್ನು ನಾನು ಜಗಲಿಯಿಂದಲೇ ನೋಡುತ್ತಿದ್ದೆ. ಬಂದು ತಿರುವಿಕೊಡುತ್ತೇನೆ, ಬೇಕಾದರೆ ಅದನ್ನೂ ಅನಾಮತ್ತಿಗೇ ಜಮೆ ಹಾಕುತ್ತೇನೆ ಎಂದೆ. ಅವರು ಜಾಲರಿ ಕೆಳಗಿಟ್ಟು ನನ್ನನ್ನು ದಿಟ್ಟಿಸಿ ನೋಡಿದರು.

"ಹೆಸರಿಲ್ದೋರಿಗೆ ಕೊಡ್ತೀನಿ, ಅದು ನನ್ನಿಷ್ಟ. ಹೆಸರಿಲ್ದೋರ ಕೈಯಿಂದ ಮಾತ್ರ ತಗೊಳ್ಳಾಕಿಲ್ಲ," ಅಂದರು. "ನಾಳೆ ತಿರುಗಿ ಕೊಡಬೇಕು ಅಂದ್ರೆ ಯಾರ ಮನೆ ಬಾಗಿಲಿಗೆ ಹೋಗ್ಲಿ ನಾನು?"

ಹೆಸರು ಬರೆದುಕೊಂಡರೆ ಕೆಲಸ ಹೋಗುತ್ತದೆ, ಮನೆ ಹೋಗುತ್ತದೆ. ಬರೆದುಕೊಳ್ಳದಿದ್ದರೆ ಈ ಹೆಂಗಸಿಗೆ ನಾನು ಎಂದಿಗೂ ಏನೂ ಆಗುವುದಿಲ್ಲ. ಪುಸ್ತಕದ ಹಿಂದೆ ಉತ್ತರವಿಲ್ಲದ ಲೆಕ್ಕ ಅದು.

ಚಳಿ ಕಳೆಯುತ್ತಿದ್ದ ಒಂದು ಮಧ್ಯಾಹ್ನ ಮೇಲಿನ ಬೀದಿಯಲ್ಲಿ ನಾಮಕರಣವಿತ್ತು. ಊರಿಗೆ ಊರೇ ಅಲ್ಲಿಗೆ ಹೋಗಿತ್ತು. ಹುರಿಯಬೇಕಾದ ಅಕ್ಕಿ ಬಾಕಿ ಇದೆ ಎಂದು ಸಣ್ಣತಾಯಮ್ಮ ಹೋಗಿರಲಿಲ್ಲ, ಪುಟವಿಲ್ಲದ ನಾನು ಹೋಗುವ ಹಾಗಿರಲಿಲ್ಲ. ಭಟ್ಟಿಯ ಕಡೆಯಿಂದ ಏನೋ ಉರುಳಿದ ಸದ್ದು, ಹಿಂದೆಯೇ ಒಂದು ಚೀತ್ಕಾರ. ಓಡಿದೆ. ಮಣಿಕಟ್ಟು ಸೋತು ಬಾಣಲೆ ವಾಲಿ, ಕೆಂಡದಂಥ ಮರಳು ಅವರ ಬಲಗೈ ಮೇಲೆ ಚೆಲ್ಲಿತ್ತು. ಬಾಣಲೆಯನ್ನು ಕಾಲಿನಿಂದ ಆಚೆ ನೂಕಿ, ಅವರನ್ನು ಎಳೆದು ತಂದು, ತೊಟ್ಟಿಯ ನೀರಿನಲ್ಲಿ ಕೈ ಮುಳುಗಿಸಿ ಹಿಡಿದೆ. ಅವರು ಕೊಸರಿಕೊಂಡರು, ಬಿಡು, ಪುಟ ಇಲ್ಲದೋಳೇ ಬಿಡು ಎಂದು ಬೈದರು. ಬಿಡಲಿಲ್ಲ. ಬೈಗುಳ ಅಳುವಾಗುವವರೆಗೂ ಹಿಡಿದೇ ಇದ್ದೆ. ಆಮೇಲೆ ನನ್ನ ಹತ್ತಿ ಸೀರೆಯನ್ನು ಹರಿದು ಕೈಗೆ ಮೆತ್ತಗೆ ಸುತ್ತಿ, ನಾಮಕರಣದ ಮನೆಗೆ ಓಡಿ ವೈದ್ಯರನ್ನು ಕರೆತಂದೆ.

ಆ ಸಂಜೆ ಎಲ್ಲರೂ ಬಂದು ಬರೆಸಿ ಮುಗಿಸಿದರು. ಪುಸ್ತಕದಲ್ಲಿ ಎರಡು ಕಡೆಯ ಮೊತ್ತವೂ ಒಂದೇ. ಬಾಗಿಲುಗಳು ಮಾತ್ರ ಅಲುಗಲಿಲ್ಲ. ಯಾರದು ಇನ್ನೂ ಉಳಿದಿದೆ ಎಂದು ಚೌಡಪ್ಪನವರು ಕೂಗಿ ಕೇಳಿದರು. ನಾನು ತಲೆ ತಗ್ಗಿಸಿ ಕೂತಿದ್ದೆ. ಸುತ್ತಿದ ಕೈಯನ್ನು ಎದೆಗೆ ಒತ್ತಿಕೊಂಡು ಸಣ್ಣತಾಯಮ್ಮ ಜನರ ನಡುವೆ ದಾರಿ ಮಾಡಿಕೊಂಡು ಬಂದರು. ಇವತ್ತು ನಾನು ಎರಡು ಹೊರೆ ತಗೊಂಡಿದ್ದೀನಿ, ಬರೀರಿ ಎಂದರು. ಕೊಟ್ಟವರು ಯಾರು ಎಂದು ಚೌಡಪ್ಪನವರು ಕೇಳಿದರೆ, ಗಲ್ಲವೆತ್ತಿ ನನ್ನ ಕಡೆ ತೋರಿಸಿದರು. ನಾನು ಮೆಲ್ಲಗೆ, ಅನಾಮತ್ತಿಗೆ ಹಾಕುತ್ತೇನೆ, ಒಪ್ಪಿಕೊಂಡುಬಿಡಿ ಎಂದು ಬೇಡಿಕೊಂಡೆ.

"ಒಪ್ಪಾಕಿಲ್ಲ. ನನ್ನ ಕೈ ಹಿಡ್ಕಂಡಿದ್ದು ಅನಾಮತ್ತಲ್ಲ. ಅವಳಿಗೊಂದು ಹೆಸರೈತೆ, ಅದನ್ನ ಬರೀಲಿ."

ಚೌಡಪ್ಪನವರು ನನ್ನ ಕಡೆ ತಿರುಗಿ, "ಬರೆದ್ರೆ ಪೆನ್ನು ಕೆಳಗಿಡಬೇಕಾಗ್ತದೆ ಲೆಕ್ಕದೋರೇ. ಮನೇನೂ ಬಿಡಬೇಕಾಗ್ತದೆ. ಯೋಚನೆ ಮಾಡಿ," ಎಂದರು. ಅವರ ದನಿಯಲ್ಲಿ ಬೆದರಿಕೆ ಇರಲಿಲ್ಲ. ಇಲ್ಲಿಂದ ಹೊರಬಿದ್ದರೆ ಹೋಗಲು ಈ ಭೂಮಿಯ ಮೇಲೆ ನನಗೆ ಇನ್ನೊಂದು ಜಾಗವಿರಲಿಲ್ಲ. ಆದರೂ ಹೊಸ ಪುಟ ತಿರುವಿ ಇಂದುಮತಿ ಎಂದು ಬರೆದೆ. ಎರಡು ಹೊರೆ ಜಮೆ ಹಾಕಿದೆ. ಅನಾಮತ್ತಿನಲ್ಲಿ ಕೂತಿದ್ದ ಗಂಜಿ, ಜಡೆ, ಉಪ್ಪಿನಕಾಯಿ, ಬೈಗುಳ ಎಲ್ಲವನ್ನೂ ಅಲ್ಲಿಂದ ಎತ್ತಿ ನನ್ನ ಹೆಸರಿಗೆ ಖರ್ಚು ಹಾಕಿಕೊಂಡೆ. ಕಾಲೇಜಿನಲ್ಲಿ ಇದಕ್ಕೆ ವರ್ಗಾವಣೆ ನಮೂದು ಎನ್ನುತ್ತಾರೆ. ಬಾಗಿಲುಗಳು ಮುಚ್ಚಿಕೊಂಡವು. ನಾನು ಪೆನ್ನನ್ನು ಪುಸ್ತಕದ ಮೇಲಿಟ್ಟು ಎದ್ದೆ. ಭಟ್ಟಿ ಹಿಂದುಗಡೆ ಒಂದು ಕೋಣೆ ಐತೆ, ಇಲಿ ಕಾಟ ಸ್ವಲ್ಪ ಜಾಸ್ತಿ ಎಂದು ಸಣ್ಣತಾಯಮ್ಮ ಹೇಳಿ ಮುಂದೆ ನಡೆದರು. ಮಾರನೆಯ ದಿನದಿಂದ ಬಾಣಲೆ ನಾನೇ ತಿರುವಿದೆ. ತರಕಾರಿಯವನು, ಏನಕ್ಕ, ಬದನೆಕಾಯಿ ಕೊಡ್ಲಾ ಎಂದ. ಅಷ್ಟಕ್ಕೇ ಕಣ್ಣು ತುಂಬಿ ಬಂದು, ಬೇಡದ ಬದನೆಕಾಯಿ ಕೊಂಡು ತಂದೆ.

ಇನ್ನು ಮೇಲೆ ಪುಸ್ತಕದಲ್ಲಿ ಹೆಸರಿಲ್ಲದ ಪುಟ ಬೇಡ ಎಂದು ಯಜಮಾನರು ಕಟ್ಟಪ್ಪಣೆ ಮಾಡಿದರು. ಹೀಗೆ ಆದರೆ ಲೆಕ್ಕದವರು ಒಬ್ಬರೂ ನಿಲ್ಲುವುದಿಲ್ಲ ಎಂಬುದು ಅವರ ಭಯ. ಸ್ವಲ್ಪ ದಿನಕ್ಕೇ ಹೊಸಬ ಬಂದ. ಲೋಹಿತ್ ಅಂತ, ಅವನೂ ಬಿ.ಕಾಂ., ನನಗಿಂತ ಚುರುಕು. ಕಾಲೇಜಿನಲ್ಲಿ ಕಂಪ್ಯೂಟರಿನಲ್ಲೇ ಎಲ್ಲ ಕಲಿತವನು, ಎರಡು ಕಡೆ ಸರಿಯಿಲ್ಲದಿದ್ದರೆ ನಮೂದನ್ನು ಅದು ಒಳಗೇ ಬಿಟ್ಟುಕೊಳ್ಳುವುದಿಲ್ಲವಂತೆ. ಅನಾಮತ್ತು ಖಾತೆಯ ಮಾತೆತ್ತಿದರೆ ನಕ್ಕ, ಅದನ್ನು ಈಗ ಯಾರೂ ಓದುವುದಿಲ್ಲ ಎಂದ. ಸಂಜೆ ಹೊತ್ತು ಬೇಗ ಬೇಗ ಬರೆದು ಮುಗಿಸುತ್ತಿದ್ದ. ಕೆಲಸ ಮುಗಿದ ಮೇಲೂ ಅವನು ಮನೆಗೆ ಹೋಗದೆ ಜಗಲಿಯ ಮೇಲೆ ಕೂತೇ ಇರುತ್ತಿದ್ದ. ನಾನು ನೋಡುತ್ತಿದ್ದೆ, ನೋಡಿ ಮುಖ ತಿರುಗಿಸುತ್ತಿದ್ದೆ. ಅವನಿಗೆ ಒಂದು ಲೋಟ ನೀರು ಕೊಟ್ಟರೂ ಬರೆಯುವುದಕ್ಕೆ ಜಾಗವಿಲ್ಲ, ಊರಿನ ಬಾಗಿಲೆಲ್ಲ ತೆರೆದುಕೊಳ್ಳುತ್ತದೆ. ಹುಟ್ಟಿದಾಗಿನಿಂದ ಮೊದಲ ಸಲ ನಂದು ಅನ್ನುವ ಒಂದು ಬಾಗಿಲು ನನಗೆ ಸಿಕ್ಕಿತ್ತು. ಅದನ್ನು ಹಾಕಿಕೊಂಡು ಮಲಗುವ ಸುಖ ಬಿಡಲು ನನಗೆ ಮನಸ್ಸಾಗಲಿಲ್ಲ.

ಯುಗಾದಿ ಬಂತು. ಆ ದಿನ ಎಲ್ಲರ ಮನೆಯಿಂದ ಎಲ್ಲರ ಮನೆಗೂ ಒಬ್ಬಟ್ಟು ಹೋಗುತ್ತದೆ, ಎಲ್ಲವನ್ನೂ ಬರೆಯಬೇಕು. ಚಾವಡಿಯ ತುಂಬ ಜನ, ಎಲ್ಲರ ಕೈಯಲ್ಲೂ ತುಪ್ಪದ, ಬೆಲ್ಲದ ವಾಸನೆ. ಲೋಹಿತ್ ತಲೆ ಎತ್ತದೆ ಬರೆಯುತ್ತಿದ್ದ, ಮರಿಗೌಡರಿಂದ ಪೀರಸಾಬರಿಗೆ, ಪೀರಸಾಬರಿಂದ ಚೌಡಪ್ಪನವರಿಗೆ, ಚೌಡಪ್ಪನವರಿಂದ ಸಣ್ಣತಾಯಮ್ಮನಿಗೆ. ನನ್ನ ಸರದಿ ಬಂದು ಅವನೆದುರು ನಿಂತಾಗ ಅವನ ಗಂಟಲು ಒಮ್ಮೆ ಏರಿ ಇಳಿದದ್ದು ಕಾಣಿಸಿತು. ಅವನು ಎಂಜಲು ನುಂಗಿಕೊಂಡು, ಎಷ್ಟು ಒಬ್ಬಟ್ಟು, ಯಾರಿಗೆ ಎಂದು ಕೇಳಿದ. ನಾನು ಹೇಳಿದೆ, ಅವನು ಬರೆದುಕೊಂಡ. ಎಲ್ಲ ಕೂಡಿಸಿ ಎರಡು ಗೆರೆ ಎಳೆದ. ಜನ ತಮ್ಮ ಬಾಗಿಲುಗಳ ಕಡೆಗೆ ಚದುರಿದರು.

ನಾನು ಮನೆಗೆ ಹೋದೆ. ಬಾಗಿಲು ಹಾಕಿದೆ. ಹಾಕಿದ ಬಾಗಿಲನ್ನೇ ನೋಡುತ್ತ ಕೂತರೆ ಆ ಹುಡುಗನ ಗಂಟಲೇ ಕಣ್ಣ ಮುಂದೆ ಬರುತ್ತಿತ್ತು. ಸಣ್ಣತಾಯಮ್ಮ ಒಲೆಯ ಮುಂದೆ ಕೂತು ನನ್ನನ್ನು ನೋಡುತ್ತಿದ್ದರು. ಎದ್ದು ಎರಡು ಒಬ್ಬಟ್ಟು ಎಲೆಯಲ್ಲಿಟ್ಟು, ಮೇಲೆ ತುಪ್ಪ ಹಾಕಿ, ಚಾವಡಿಗೆ ತಂದು ಅವನ ಮುಂದೆ ಹಿಡಿದೆ. ಅವನು ಬೆಚ್ಚಿ ಹಿಂದೆ ಸರಿದ.

"ಬೇಡಿ ಅಕ್ಕ, ಈಗಷ್ಟೇ ಲೆಕ್ಕ ಕೂಡಿದೆ."

"ಕೂಡಿದ್ದು ಸಾಕು ಬಿಡೋ ತಮ್ಮ. ಬಿಸಿ ಇದೆ, ತಿನ್ನು," ಎಂದು ಎಲೆಯನ್ನು ಅವನ ಕೈಗಿಟ್ಟೆ.

ಆ ಕ್ಷಣಕ್ಕೇ ಬೀದಿಯಲ್ಲಿ ಚಿಲಕಗಳು ಕಳಚಿಕೊಂಡವು. ಬಾಗಿಲುಗಳು ಒಂದೊಂದಾಗಿ ಹಿಂದಕ್ಕೆ ಸರಿದವು. ಜನ ಹೊರಗೆ ಬಂದು ತಮ್ಮ ತಮ್ಮ ಹೊಸ್ತಿಲುಗಳಲ್ಲಿ ನಿಂತರು. ಯಾರದು ಉಳಿಯಿತು ಎಂದು ಚೌಡಪ್ಪನವರು ಅಲ್ಲಿಂದಲೇ ಕೇಳಿದರು. ನಂದು, ಬರೆಯುವುದಕ್ಕೆ ಜಾಗವಿಲ್ಲ ಎಂದೆ. ಯಾರೂ ನಮ್ಮ ಹತ್ತಿರ ಬರಲಿಲ್ಲ, ಯಾರೂ ಒಳಗೆ ಹೋಗಲೂ ಇಲ್ಲ. ಲೋಹಿತ್ ತಲೆ ತಗ್ಗಿಸಿಕೊಂಡು ಚೂರು ಚೂರೇ ಮುರಿದು ತಿನ್ನುತ್ತಿದ್ದ, ಅವನ ಕಣ್ಣೀರು ಎಲೆಯ ಮೇಲೆ ಬೀಳುತ್ತಿತ್ತು. ನಾನು ಅವನ ಪಕ್ಕದಲ್ಲಿ ಕೂತೆ. ಅಲ್ಲಿಂದ ನನ್ನ ಬಾಗಿಲು ಕಾಣುತ್ತಿತ್ತು, ಅದೂ ಪೂರ್ತಿ ತೆರೆದುಕೊಂಡಿತ್ತು. ಎದ್ದು ಹೋಗಿ ಅದನ್ನು ಮುಚ್ಚಿ ನೋಡಬೇಕು ಎಂದು ನನಗೆ ಅನ್ನಿಸಲಿಲ್ಲ.